ಹಳೆಯ ಕಾರಿಗೆ ಎಷ್ಟು ಹೇಳಬೇಕು? ಬೆಲೆ ಕಟ್ಟುವ ಐದು ದಾರಿಗಳ ಹೋಲಿಕೆ

ಹಳೆಯ ಕಾರಿನ ಬೆಲೆಯ ಮಾತು ಬಂದಾಗ ನಾವು ಮೂರು ಬೇರೆ ಬೇರೆ ಮೊತ್ತಗಳನ್ನು ಒಂದೇ ಎಂಬಂತೆ ಬೆರೆಸಿಬಿಡುತ್ತೇವೆ: ಜಾಹೀರಾತಿನಲ್ಲಿ ಹಾಕುವ ಬೆಲೆ, ಚೌಕಾಸಿಯೆಲ್ಲ ಮುಗಿದ ಮೇಲೆ ಕೈಗೆ ಬರುವ ಬೆಲೆ, ಮತ್ತು ಡೀಲರ್ ಈಗಿಂದೀಗಲೇ ಹಣ ಕೊಟ್ಟು ಕಾರನ್ನು ಒಯ್ಯಲು ಒಪ್ಪುವ ಬೆಲೆ. ಬೆಲೆ ಕಟ್ಟುವ ಪ್ರತಿಯೊಂದು ವಿಧಾನವೂ ಈ ಮೂರರಲ್ಲಿ ಯಾವುದೋ ಒಂದನ್ನು ಹೇಳುತ್ತದೆ, ಆದರೆ ಯಾವುದನ್ನು ಹೇಳುತ್ತಿದ್ದೇನೆ ಎಂಬುದನ್ನು ಅದು ತಾನಾಗಿ ತಿಳಿಸುವುದಿಲ್ಲ. ಐದು ವರ್ಷ ಹಳೆಯದಾದ, ಮೀಟರ್ 60,000 ಕಿಲೋಮೀಟರ್ ದಾಟಲು ಸ್ವಲ್ಪವೇ ಬಾಕಿಯಿದ್ದ ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರನ್ನು ಮಾರಲು ಹೊರಟಾಗ, ಸಾಮಾನ್ಯವಾಗಿ ಬಳಕೆಯಲ್ಲಿರುವ ಐದು ದಾರಿಗಳನ್ನೂ ಆ ಒಂದೇ ಕಾರಿನ ಮೇಲೆ ಪರೀಕ್ಷಿಸಿ ನೋಡಿದೆ. ಹೋಲಿಕೆ ಸುಲಭವಾಗಲೆಂದು, ಅದೇ ಮಾದರಿಯ ಅದೇ ಆವೃತ್ತಿಯ ಹೊಸ ಕಾರಿನ ಇಂದಿನ ಬೆಲೆಯನ್ನು 100 ಎಂದು ಹಿಡಿದು ಉಳಿದದ್ದನ್ನೆಲ್ಲ ಆ ಲೆಕ್ಕದಲ್ಲಿಯೇ ಕೊಟ್ಟಿದ್ದೇನೆ; ಒಂದು ಅಂಶ ಎಂದರೆ ಆ ಬೆಲೆಯ ನೂರರಲ್ಲಿ ಒಂದು ಭಾಗ. ನಾನು ಐದು ವರ್ಷದ ಹಿಂದೆ ಕೊಟ್ಟ ಬೆಲೆಯನ್ನು ಬೇಕೆಂದೇ ಬದಿಗಿಟ್ಟೆ, ಏಕೆಂದರೆ ಕೊಳ್ಳುವವನ ಕಣ್ಣ ಮುಂದಿರುವ ಇನ್ನೊಂದು ಆಯ್ಕೆ ಇಂದಿನ ಹೊಸ ಕಾರೇ ಹೊರತು ನನ್ನ ಹಳೆಯ ರಸೀದಿಯಲ್ಲ.

ಮೊದಲನೆಯದು ಸವಕಳಿ ಸೂತ್ರ. ಮೊದಲ ವರ್ಷ ಶೇ. 20, ಆಮೇಲೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 15 ಎಂದು ಕಳೆಯುತ್ತ ಹೋದರೆ ಐದನೆಯ ವರ್ಷದ ಕೊನೆಗೆ 42 ಉಳಿಯುತ್ತದೆ. ಆ 15ರ ಜಾಗದಲ್ಲಿ 12 ಹಾಕಿದರೆ ಅದೇ ಕಾರು 48ಕ್ಕೆ ಏರುತ್ತದೆ. ಯಾವ ದರ ಸರಿ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ, ಈ ಸೂತ್ರಕ್ಕೆ ನಾವು ಏನನ್ನು ತುಂಬುತ್ತೇವೆಯೋ ಅದನ್ನೇ ಅದು ಹಿಂದಿರುಗಿಸುತ್ತದೆ. ಕಾರು ಹೇಗೆ ಓಡಿದೆ, ಯಾರು ಓಡಿಸಿದ್ದಾರೆ, ಆ ಮಾದರಿಗೆ ಬೇಡಿಕೆ ಇದೆಯೇ ಎಂಬ ಯಾವುದೂ ಅದರ ಗಮನಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ಇದರಿಂದಾದ ಉಪಯೋಗ ಒಂದೇ: ಕಾಯುವುದಕ್ಕೂ ಬೆಲೆಯಿದೆ ಎಂಬುದು ಅಂಕಿಯಲ್ಲಿ ಕಂಡಿತು. 50ರ ಆಸುಪಾಸಿನಲ್ಲಿರುವ ಕಾರು ವರ್ಷಕ್ಕೆ ಶೇ. 12ರಿಂದ 15ರಷ್ಟು ಇಳಿಯುವುದಾದರೆ, ಒಳ್ಳೆಯ ಗಿರಾಕಿಗಾಗಿ ಕಾಯುವ ಪ್ರತಿ ತಿಂಗಳೂ ಅರ್ಧ ಅಂಶಕ್ಕಿಂತ ಸ್ವಲ್ಪ ಹೆಚ್ಚೇ ಕರಗುತ್ತದೆ.

ಎರಡನೆಯದು ಆನ್‌ಲೈನ್ ಬೆಲೆ ಲೆಕ್ಕಾಚಾರದ ಪುಟಗಳು. ಮಾದರಿ, ವರ್ಷ, ಓಡಿದ ದೂರ, ಸ್ಥಿತಿ ಎಂದು ನಾಲ್ಕಾರು ವಿವರ ತುಂಬಿದರೆ ಇಷ್ಟರಿಂದ ಇಷ್ಟು ಎಂಬ ಬೆಲೆಯ ವ್ಯಾಪ್ತಿ ಬರುತ್ತದೆ. ಹಳೆಯ ಕಾರಿನ ದರಪಟ್ಟಿ ಎಂಬ ಕಲ್ಪನೆ ಅಂತರಜಾಲಕ್ಕಿಂತ ಬಹಳ ಹಿಂದಿನದು. ಅಮೆರಿಕದಲ್ಲಿ ಕೆಲ್ಲಿ ಬ್ಲೂ ಬುಕ್ 1926ರಲ್ಲಿಯೇ ಹೊರಬಂದಿತ್ತು. ನನಗೆ ಒಂದು ಪುಟ 46ರಿಂದ 58 ಎಂದಿತು, ಇನ್ನೊಂದು 44ರಿಂದ 50 ಎಂದಿತು. ಹನ್ನೆರಡು ಅಂಶಗಳ ಅಂತರವಿರುವ ಉತ್ತರವು ಮಾರುವವನಿಗೆ ಹೆಚ್ಚೇನೂ ಹೇಳಿದಂತಾಗುವುದಿಲ್ಲ. ಸ್ಥಿತಿಯ ಕಾಲಂನಲ್ಲಿ ‘ಉತ್ತಮ’ ಎಂಬುದನ್ನು ‘ಅತ್ಯುತ್ತಮ’ ಎಂದು ಬದಲಿಸಿದ ಮಾತ್ರಕ್ಕೆ ಮೊದಲ ಪುಟದ ಉತ್ತರ ಮೂರು ಅಂಶ ಏರಿತು. ತನ್ನ ಕಾರು ಅತ್ಯುತ್ತಮ ಎಂದು ನಂಬದ ಮಾಲೀಕ ಯಾರಿದ್ದಾನೆ? ಇಂಥ ಪುಟಗಳನ್ನು ನಡೆಸುವವರಲ್ಲಿ ಅನೇಕರು ಸ್ವತಃ ಕಾರು ಕೊಳ್ಳುವ ಅಥವಾ ಡೀಲರುಗಳಿಗೆ ಗಿರಾಕಿ ಒದಗಿಸುವ ವ್ಯವಹಾರದಲ್ಲಿರುವುದರಿಂದ, ಅಲ್ಲಿ ಕಾಣುವ ಅಂಕಿ ಖಾಸಗಿ ಮಾರಾಟದ್ದೋ, ಡೀಲರ್ ಮಾರುವ ಬೆಲೆಯೋ, ಡೀಲರ್ ಕೊಳ್ಳುವ ಬೆಲೆಯೋ ಎಂಬುದನ್ನು ಮೊದಲು ನೋಡಬೇಕು. ಆ ವಿವರವನ್ನೇ ಕೊಡದ ಪುಟವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೂರನೆಯದಾಗಿ ಡೀಲರುಗಳ ಬಳಿಗೆ ಹೋದೆ. ಒಬ್ಬರು ಫೋಟೋ ಮತ್ತು ವಿವರಗಳನ್ನು ನೋಡಿ 47 ಎಂದರು. ಕಾರನ್ನು ಕಣ್ಣಾರೆ ಕಂಡ ಮೇಲೆ ಅದು 42ಕ್ಕೆ ಇಳಿಯಿತು. ಇನ್ನೊಬ್ಬರು ಮೊದಲಿನಿಂದಲೂ 44 ಎಂದವರು ಅಲ್ಲಿಂದ ಅಲುಗಲಿಲ್ಲ, ಆ ಕಾರಣಕ್ಕೇ ಅವರ ಮಾತಿಗೆ ನನ್ನಲ್ಲಿ ಹೆಚ್ಚು ಬೆಲೆ ಬಂತು. ಡೀಲರ್ ಕಡಿಮೆ ಹೇಳುತ್ತಾನೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಕಾರನ್ನು ಸಿದ್ಧಪಡಿಸುವ ಖರ್ಚು, ಅದು ಮಾರಾಟವಾಗುವವರೆಗೆ ಸಿಕ್ಕಿಕೊಳ್ಳುವ ಬಂಡವಾಳ, ಮುಂದೆ ಏನಾದರೂ ಕೆಟ್ಟರೆ ಹೊರಬೇಕಾದ ಹೊಣೆ ಮತ್ತು ತನ್ನ ಲಾಭ, ಇವಿಷ್ಟನ್ನೂ ಅವನು ನಾಳೆ ಮಾರಬಹುದಾದ ಬೆಲೆಯಿಂದ ಹಿಂದಕ್ಕೆ ಕಳೆದುಕೊಂಡು ಬರುತ್ತಾನೆ. ಈ ಐದರಲ್ಲಿ ನಿಜವಾದ ಹಣದ ಬೆಂಬಲವಿರುವ ಅಂಕಿ ಇದೊಂದೇ, ಉಳಿದವೆಲ್ಲ ಅಂದಾಜುಗಳು. ಹಾಗಾಗಿ 44 ನನ್ನ ಲೆಕ್ಕದ ತಳವಾಯಿತು. ಕೇಳುವ ಬೆಲೆಯನ್ನು ಅದರಿಂದ ನಿರ್ಧರಿಸಲು ಮಾತ್ರ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಾಲ್ಕನೆಯದು, ಅಂದರೆ ಮಾರಾಟಕ್ಕಿರುವ ಅದೇ ಬಗೆಯ ಕಾರುಗಳ ಜಾಹೀರಾತುಗಳನ್ನು ಹೋಲಿಸಿ ನೋಡುವುದು. ಆದರೆ ಇದನ್ನು ಎಲ್ಲರೂ ಮಾಡುವ ಹಾಗೆ ಮಾಡಿದರೆ ಉತ್ತರ ತಪ್ಪಾಗುತ್ತದೆ. ಅದೇ ಮಾದರಿ, ಅದೇ ಆವೃತ್ತಿ, ಅದೇ ಇಂಧನ, ಅದೇ ಬಗೆಯ ಗೇರು, ಒಂದು ವರ್ಷ ಹಿಂದೆ ಮುಂದೆ, ಓಡಿದ ದೂರದಲ್ಲಿ ಹೆಚ್ಚೆಂದರೆ ಐದನೆಯ ಒಂದು ಭಾಗದ ವ್ಯತ್ಯಾಸ ಎಂದು ಸೋಸಿದಾಗ ನನಗೆ ಸಿಕ್ಕ ಬೆಲೆಗಳ ಮಧ್ಯಾಂಕ, ಅಂದರೆ ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, 56 ಆಗಿತ್ತು. ಸರಾಸರಿಯ ಬದಲು ಮಧ್ಯಾಂಕವನ್ನೇ ಹಿಡಿಯಬೇಕು, ಏಕೆಂದರೆ ಆಸೆಬುರುಕನೊಬ್ಬ ಮನಬಂದಂತೆ ಬರೆದ ಒಂದೇ ಒಂದು ಬೆಲೆ ಸಾಕು, ಸರಾಸರಿಯನ್ನು ಮೇಲಕ್ಕೆಳೆಯಲು.

ಈ 56ನ್ನು ನೋಡಿ ಅಷ್ಟನ್ನೇ ಕೇಳೋಣ ಎಂದುಕೊಳ್ಳುವುದು ಸಹಜ. ಆದರೆ ಯಾವುದೇ ಒಂದು ದಿನ ಜಾಹೀರಾತು ಪಟ್ಟಿಯಲ್ಲಿ ನಮಗೆ ಕಾಣುವ ಕಾರುಗಳಲ್ಲಿ ಬಹುಪಾಲು ಇನ್ನೂ ಮಾರಾಟವಾಗದೆ ಉಳಿದವು. ಸರಿಯಾದ ಬೆಲೆ ಹಾಕಿದ ಕಾರು ಬೇಗನೆ ಬಿಕರಿಯಾಗಿ ಪಟ್ಟಿಯಿಂದ ಹೊರಬೀಳುತ್ತದೆ. ಹೆಚ್ಚು ಹಾಕಿದ ಕಾರು ವಾರಗಟ್ಟಲೆ ಅಲ್ಲಿಯೇ ಕೂತಿರುತ್ತದೆ, ಮತ್ತು ಪ್ರತಿ ಸಲ ಹುಡುಕಿದಾಗಲೂ ಎಣಿಕೆಗೆ ಬರುತ್ತದೆ. ಆದ್ದರಿಂದ ಒಮ್ಮೆ ನೋಡಿ ತೆಗೆದ ಮಧ್ಯಾಂಕ ಯಾವಾಗಲೂ ನಿಜವಾದ ಬೆಲೆಗಿಂತ ಮೇಲಕ್ಕೆ ವಾಲಿರುತ್ತದೆ. ಇದನ್ನು ತಪ್ಪಿಸಲು ಆ ಜಾಹೀರಾತುಗಳನ್ನೆಲ್ಲ ಗುರುತು ಹಾಕಿಟ್ಟು, ಕೆಲವು ವಾರಗಳ ಕಾಲ ಯಾವುದು ಹೋಯಿತು, ಯಾವುದು ಉಳಿಯಿತು, ಯಾವುದರ ಬೆಲೆ ಇಳಿಯಿತು ಎಂದು ಗಮನಿಸುತ್ತ ಬಂದೆ. ಬೇಗ ಮಾಯವಾದವು 51ರಿಂದ 54ರ ನಡುವೆ ಇದ್ದವು, ಅವುಗಳ ಮಧ್ಯಾಂಕ 52. ಕೂತೇ ಇದ್ದವು 58ರ ಮೇಲಿದ್ದವು, ಅವುಗಳಲ್ಲಿ ಹಲವು ಎರಡು ಮೂರು ಅಂಶ ಇಳಿದ ಮೇಲೂ ಕದಲಲಿಲ್ಲ. ಮಾಯವಾದ ಪ್ರತಿಯೊಂದು ಕಾರೂ ಮಾರಾಟವೇ ಆಗಿರುತ್ತದೆ ಎಂದೇನಿಲ್ಲ, ಕೆಲವರು ಮನಸ್ಸು ಬದಲಿಸಿ ಜಾಹೀರಾತು ತೆಗೆದಿರಬಹುದು. ಆದರೂ ಎರಡು ಗುಂಪುಗಳ ನಡುವಿನ ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಆ ಒಂದೆರಡು ಕಾರುಗಳಿಂದ ಚಿತ್ರ ಬದಲಾಗುತ್ತಿರಲಿಲ್ಲ.

ಓಡಿದ ದೂರಕ್ಕೆ ಎಷ್ಟು ಕಳೆಯಬೇಕು ಎಂಬುದನ್ನೂ ಇದೇ ಪಟ್ಟಿ ಹೇಳುತ್ತದೆ. ಪ್ರತಿ ಸಾವಿರ ಕಿಲೋಮೀಟರಿಗೆ ಇಷ್ಟು ಎಂಬ ನೇರ ಲೆಕ್ಕ ವಾಸ್ತವದಲ್ಲಿ ನಡೆಯುವುದಿಲ್ಲ. ಲಾಸೆಟೆರಾ, ಪೋಪ್ ಮತ್ತು ಸಿಡ್ನರ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಳೆಯ ಕಾರುಗಳ 2.2 ಕೋಟಿಗೂ ಹೆಚ್ಚು ಸಗಟು ವ್ಯವಹಾರಗಳನ್ನು ಪರಿಶೀಲಿಸಿ, ಮೀಟರು ಪ್ರತಿ 10,000 ಮೈಲಿಯ ಅಂಚನ್ನು ದಾಟುವಲ್ಲಿ ಬೆಲೆ ತಟಕ್ಕನೆ ಕುಸಿಯುತ್ತದೆ, 1,000 ಮೈಲಿಯ ಅಂಚುಗಳಲ್ಲಿಯೂ ಸಣ್ಣ ಕುಸಿತಗಳಿರುತ್ತವೆ ಎಂದು ತೋರಿಸಿದ್ದಾರೆ. ನಮ್ಮ ಕಣ್ಣು ಎಡಗಡೆಯ ಮೊದಲ ಅಂಕಿಯ ಮೇಲೆಯೇ ನೆಡುತ್ತದೆ. 59,800 ಎಂಬುದು ಐವತ್ತರ ಸಾಲಿಗೆ ಸೇರಿದ ಕಾರಾಗಿ, 60,100 ಎಂಬುದು ಅರವತ್ತರ ಸಾಲಿನ ಕಾರಾಗಿ ಕಾಣುತ್ತದೆ. ನನ್ನ ಮೀಟರು 60,000 ದಾಟುವ ಮೊದಲೇ ಜಾಹೀರಾತು ಹಾಕಿದ್ದಕ್ಕೆ ಇದೇ ಕಾರಣ.

ಐದನೆಯದು ಹೊರಗಿನ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಿ, ರಿಪೇರಿ ಖರ್ಚನ್ನು ಬೆಲೆಯಿಂದ ಕಳೆಯುವುದು. ಅವರು ಕೊಟ್ಟ ವರದಿಯ ಪ್ರಕಾರ ಕಾರನ್ನು ಸರಿಮಾಡಲು ತಗಲುವ ಖರ್ಚು 6 ಅಂಶಗಳು: ನಾಲ್ಕು ಟೈರುಗಳಿಗೆ 4, ಬಂಪರಿನ ಗೀರುಗಳಿಗೆ 1, ಬ್ರೇಕ್ ಪ್ಯಾಡು ಮತ್ತು ಸಸ್ಪೆನ್ಷನ್ ಬುಷ್‌ಗಳಿಗೆ ಉಳಿದ 1. ಇದನ್ನು 52ರಿಂದ ಹಾಗೆಯೇ ಕಳೆದು 46 ಎಂದು ಹೇಳುವುದು ನೋಡಲು ಪ್ರಾಮಾಣಿಕ ಲೆಕ್ಕದಂತಿದೆ, ಆದರೆ ಅದು ಒಂದೇ ಸವೆತವನ್ನು ಎರಡು ಸಲ ಕಳೆದಂತೆ. ಬೇಗ ಬಿಕರಿಯಾದ ಆ ಕಾರುಗಳೂ ಐದು ವರ್ಷದವೇ, ಅವುಗಳ ಟೈರುಗಳೂ ಸವೆದಿರುತ್ತವೆ, ಬಂಪರುಗಳ ಮೇಲೂ ಗೀರುಗಳಿರುತ್ತವೆ. 52 ಎಂಬ ಅಂಕಿಯೊಳಗೆ ಆ ವಯಸ್ಸಿಗೆ ಸಹಜವಾದ ಸವೆತವೆಲ್ಲ ಆಗಲೇ ಸೇರಿದೆ. ಅದಕ್ಕಿಂತ ಹೆಚ್ಚಿನದನ್ನು ಮಾತ್ರ ಕಳೆಯಬೇಕು, ಕಡಿಮೆಯಿದ್ದರೆ ಸೇರಿಸಬೇಕು.

ಟೈರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹೊಸ ಟೈರಿನ ಅಚ್ಚಿನ ಆಳ ಸುಮಾರು 8 ಮಿಲಿಮೀಟರ್, 1.6 ಮಿಲಿಮೀಟರಿಗೆ ಬಂದರೆ ಬದಲಿಸಲೇಬೇಕು ಎಂಬುದು ಹಲವು ದೇಶಗಳ ನಿಯಮ. ಅಂದರೆ ಬಳಸಲು ಸಿಗುವ ಆಳ 6.4 ಮಿಲಿಮೀಟರ್. ನನ್ನ ಟೈರುಗಳಲ್ಲಿ 3 ಮಿಲಿಮೀಟರ್ ಅಚ್ಚು ಉಳಿದಿತ್ತು, ಅದರಲ್ಲಿ ಬಳಕೆಗೆ ಬರುವುದು 1.4 ಮಾತ್ರ, ಎಂದರೆ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಸಾಮಾನ್ಯ ಕಾರಿನಲ್ಲಿ ಅರ್ಧದಷ್ಟು ಉಳಿದಿರುತ್ತದೆ ಎಂದು ಹಿಡಿದರೆ, ನನ್ನ ಕಾರು ಹಿಂದೆ ಬಿದ್ದಿರುವುದು ಒಟ್ಟು ಆಯುಷ್ಯದ ಸುಮಾರು ಶೇ. 28ರಷ್ಟು, ಟೈರುಗಳ ಬೆಲೆಯಾದ 4 ಅಂಶಗಳಲ್ಲಿ ಅದು 1 ಅಂಶ ಚಿಲ್ಲರೆ ಆಗುತ್ತದೆ. ಕೊಳ್ಳಲು ಬಂದವರು ‘ನಾಲ್ಕೂ ಟೈರು ಹಾಕಿಸಬೇಕು’ ಎಂದು ಪೂರ್ತಿ 4 ಅಂಶ ಕಳೆಯಲು ಹೊರಟಾಗ ನನ್ನ ಬಳಿ ಈ ಲೆಕ್ಕ ಸಿದ್ಧವಿತ್ತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಕೊಂಡಿರಬೇಕು: 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಜಾಣ ಗಿರಾಕಿ ಮೊದಲು ಬಗ್ಗಿ ನೋಡುವುದು ಅದನ್ನೇ.

ಎಡಗಡೆಯ ಹಿಂಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದೂ ವರದಿಯಲ್ಲಿ ಬಂತು. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್‌ಗಳ ಆಸುಪಾಸಿನಲ್ಲಿರುತ್ತದೆ, ಆ ಬಾಗಿಲಲ್ಲಿ ಮಾಪಕ 260 ತೋರಿಸಿತು. ತಗ್ಗಿಗೆ ಪುಟ್ಟಿ ತುಂಬಿದ್ದರೆ ಅದು ಸಾವಿರವನ್ನೂ ದಾಟುತ್ತಿತ್ತು. ಹಾಗಾಗಿ ಅದು ಅಪಘಾತದ ಗುರುತಲ್ಲ, ಗೀರು ಮುಚ್ಚಿದ್ದಷ್ಟೇ. ಆದರೂ ಗಿರಾಕಿಯ ಮನಸ್ಸಿನಲ್ಲಿ ಏಳುವ ಅನುಮಾನಕ್ಕಾಗಿ 1 ಅಂಶ ಕಳೆದು, ಅದನ್ನು ಜಾಹೀರಾತಿನಲ್ಲಿಯೇ ಬರೆದೆ. ಪ್ರತಿಯಾಗಿ, ಒಂದೂ ತಪ್ಪದ ಸರ್ವಿಸ್ ದಾಖಲೆಗಳಿಗೆ 1 ಅಂಶ ಸೇರಿಸಿದೆ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಭಯದಿಂದ ಒಳ್ಳೆಯ ಕಾರಿಗೂ ಕೆಟ್ಟ ಕಾರಿನ ಬೆಲೆ ಬರುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ವಿವರಿಸಿದ್ದರು. ಕಾಗದಪತ್ರಗಳಿಗೆ ಬೆಲೆ ಬರುವುದು ಆ ಭಯವನ್ನು ಅವು ತಗ್ಗಿಸುವುದರಿಂದ. ದುಬಾರಿ ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್, ಅಲಾಯ್ ಚಕ್ರ ಮುಂತಾದವಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಅವು ಕಾರನ್ನು ಬೇಗ ಮಾರಲು ನೆರವಾಗಬಹುದೇ ಹೊರತು ಹಾಕಿದ ಹಣವನ್ನು ಮರಳಿ ತರುವುದಿಲ್ಲ.

ಹೀಗೆ 52ರಿಂದ ಟೈರಿಗೆ 1, ಬಾಗಿಲಿಗೆ 1 ಕಳೆದು, ದಾಖಲೆಗೆ 1 ಸೇರಿಸಿದಾಗ 51 ಬಂತು. ‘ಫೈನಲ್ ಎಷ್ಟು?’ ಎಂದು ಕೇಳದೆ ಕಾರು ಕೊಳ್ಳುವವರಿಲ್ಲವಾದ್ದರಿಂದ ಅದರ ಮೇಲೆ ಶೇ. 5ರಷ್ಟು ಚೌಕಾಸಿಗೆ ಬಿಟ್ಟು 53.5 ಎಂದು ಬರೆದೆ. ಶೇ. 10 ಬಿಟ್ಟಿದ್ದರೆ ಬೆಲೆ 56 ಆಗಿ, ಕದಲದೆ ಕೂತ ಕಾರುಗಳ ಸಾಲಿಗೆ ನನ್ನದೂ ಸೇರುತ್ತಿತ್ತು. ಹುಡುಕುವವರು ಬೆಲೆಯ ಮಿತಿಯನ್ನು ದುಂಡು ಮೊತ್ತಗಳಲ್ಲಿಯೇ ಹಾಕುವುದರಿಂದ, ಅಂತಿಮ ಅಂಕಿಯನ್ನು ಹತ್ತಿರದ ದುಂಡು ಮೊತ್ತಕ್ಕಿಂತ ಒಂದಿಷ್ಟು ಕೆಳಗೆ ಇರಿಸಿದೆ. ಅದನ್ನು ದಾಟಿದ್ದರೆ ಹಲವರ ಹುಡುಕಾಟದಲ್ಲಿ ನನ್ನ ಕಾರು ಕಾಣಿಸುತ್ತಲೇ ಇರಲಿಲ್ಲ. ಇಷ್ಟಕ್ಕಿಂತ ಇಳಿಯುವುದಿಲ್ಲ ಎಂಬ ಮಿತಿಯನ್ನು 48ಕ್ಕೆ ಹಾಕಿಕೊಂಡಿದ್ದೆ: ಡೀಲರ್ 44 ಕೊಡುತ್ತಿರುವಾಗ, ಅಪರಿಚಿತರಿಗೆ ಕಾರು ತೋರಿಸುವ, ಓಡಿಸಲು ಕೊಡುವ, ಕಾಗದಪತ್ರ ಮಾಡಿಸುವ ತೊಂದರೆಗೆ ನಾಲ್ಕು ಅಂಶವಾದರೂ ಸಿಗದಿದ್ದರೆ ಖಾಸಗಿಯಾಗಿ ಮಾರುವುದರಲ್ಲಿ ಲಾಭವಿಲ್ಲ. ಕೊನೆಗೆ ಕೈಗೆ ಬಂದದ್ದು 50.5.

ಈ ಕ್ರಮ ನಡೆಯುವುದು ಸಾಕಷ್ಟು ಸಂಖ್ಯೆಯಲ್ಲಿ ಮಾರಾಟಕ್ಕೆ ಬರುವ ಮಾದರಿಗಳಿಗೆ ಮಾತ್ರ. ತಯಾರಿಕೆ ನಿಂತುಹೋದ ಅಥವಾ ಅಪರೂಪದ ಕಾರಾದರೆ ಹೋಲಿಸಲು ಜಾಹೀರಾತುಗಳೇ ಸಿಗುವುದಿಲ್ಲ. ಅಲ್ಲಿ ಇಬ್ಬರು ಮೂವರು ಡೀಲರುಗಳ ಬೆಲೆಯಿಂದ ಮೇಲಕ್ಕೆ ಲೆಕ್ಕ ಹಾಕುವುದೇ ಹೆಚ್ಚು ಭದ್ರ. ವಿದ್ಯುತ್ ಕಾರಿನಲ್ಲಿ ಮೀಟರು ತೋರಿಸುವ ದೂರಕ್ಕಿಂತ ಬ್ಯಾಟರಿಯ ಉಳಿದ ಸಾಮರ್ಥ್ಯ ಮುಖ್ಯವಾಗುತ್ತದೆ. ಬ್ಯಾಟರಿಗೆ ಎಂಟು ವರ್ಷ ವಾರಂಟಿ ಕೊಟ್ಟು, ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ಹೊಣೆ ಹೊರುವ ತಯಾರಕರು ಹಲವರಿರುವುದರಿಂದ, ಒಂದೇ ವರ್ಷದ ಎರಡು ಕಾರುಗಳನ್ನು ಹೋಲಿಸುವಾಗ ವಾರಂಟಿ ಇನ್ನೂ ಎಷ್ಟು ಉಳಿದಿದೆ, ಅಳೆದ ಸಾಮರ್ಥ್ಯ ಎಷ್ಟು ಎಂಬ ಎರಡು ಕಾಲಂಗಳನ್ನು ಪಟ್ಟಿಗೆ ಸೇರಿಸಿಕೊಂಡರೆ ಉಳಿದ ಲೆಕ್ಕವನ್ನು ಹೀಗೆಯೇ ಮಾಡಬಹುದು.