ತಕರಾಜುಕಾ ಎಲ್ಲಿ ನೋಡಬೇಕು: ಆ ಊರಲ್ಲೋ, ಟೋಕಿಯೋದಲ್ಲೋ, ಸಿನಿಮಾ ಪರದೆ ಮೇಲೋ?

ಜಪಾನಿಗೆ ಬರುವ ಗೆಳತಿಯರು ಈಗೀಗ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ತಕರಾಜುಕಾ ಕಂಪನಿಯ ನಾಟಕ ನೋಡಬೇಕು, ಯಾವ ಟಿಕೆಟ್ ತಗೊಳ್ಳಲಿ? ಬೆಂಗಳೂರಲ್ಲಿ ಇದ್ದಾಗ ವರ್ಷಗಟ್ಟಲೆ ಬರೀ ಡಿಸ್ಕ್ ಹಾಕಿಕೊಂಡು ನೋಡಿದವಳು ನಾನು. ಕೆಲಸದ ಮೇಲೆ ಯೊಕೊಹಾಮಾಕ್ಕೆ ಬಂದ ಮೇಲೆ ಕೊನೆಗೂ ಕಣ್ಣಾರೆ ನೋಡಿದೆ. ಅದೂ ಒಂದೇ ಪ್ರಯೋಗವನ್ನು ಮೂರು ಥರ. ಮೊದಲು ಕಂಪನಿ ಹುಟ್ಟಿದ, ಒಸಾಕಾ ಹತ್ತಿರದ ತಕರಾಜುಕಾ ಊರಿನಲ್ಲಿ, ಆಮೇಲೆ ಟೋಕಿಯೋದಲ್ಲಿ, ಕೊನೆಯ ದಿನದ್ದನ್ನು ಸಿನಿಮಾ ಮಂದಿರದಲ್ಲಿ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೇ ಸಲ ನೋಡಲು ಆಗುವುದಾದರೆ ತಕರಾಜುಕಾ ಊರಿಗೇ ಹೋಗಿ. ಅಲ್ಲೂ ಮುಂದಿನ ಸಾಲಿಗೆ ಆಸೆಪಡಬೇಡಿ, ಎರಡನೇ ಮಹಡಿಯಲ್ಲಿ ಕೂತುಕೊಳ್ಳಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ತಕರಾಜುಕಾ ಅಂದರೆ ಹೆಂಗಸರೇ ಇರುವ ಸಂಗೀತ ನಾಟಕ ಕಂಪನಿ, ಗಂಡು ಪಾತ್ರಗಳೂ ಅವರವೇ. ಹಾನ್‌ಕ್ಯೂ ರೈಲು ಕಂಪನಿ ಕಟ್ಟಿದ ಕೊಬಾಯಾಶಿ ಇಚಿಜೊ ಎಂಬಾತ ತನ್ನ ರೈಲಿನ ಕೊನೆಯ ಸ್ಟೇಷನ್ನಿಗೆ ಜನ ಬರಲಿ ಅಂತ ಶುರು ಮಾಡಿದ್ದು. ನಡೆಯದೆ ಹೋದ ಒಂದು ಈಜುಕೊಳವನ್ನೇ ರಂಗಮಂದಿರ ಮಾಡಿ 1914ರಲ್ಲಿ ಮೊದಲ ಪ್ರದರ್ಶನ ಕೊಟ್ಟರು. ಈಗ ಹೂವು, ಚಂದ್ರ, ಹಿಮ, ನಕ್ಷತ್ರ, ಅಂತರಿಕ್ಷ ಅಂತ ಐದು ತಂಡಗಳಿವೆ. ಅವರದೇ ಸಂಗೀತ ಶಾಲೆಯಲ್ಲಿ ಎರಡು ವರ್ಷ ಕಲಿತವರಿಗೆ ಮಾತ್ರ ರಂಗದ ಮೇಲೆ ಜಾಗ.

ನಮ್ಮಲ್ಲಿ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ, ಭೀಮನಾಗಿ ನಿಂತವರು. ಹಾಗಾಗಿ ಹೆಣ್ಣು ಗಂಡು ವೇಷ ಹಾಕುವುದು ನಮಗೆ ಹೊಸದಲ್ಲ. ಆದರೆ ಇಲ್ಲಿ ಮೀಸೆ ತಿರುವಿ ಅಬ್ಬರಿಸುವ ಗಂಡು ಅಪರೂಪ. ಒತೊಕೊಯಾಕು, ಅಂದರೆ ಗಂಡು ಪಾತ್ರದವರು, ಕೂದಲು ಹಿಂದಕ್ಕೆ ಬಾಚಿ, ದನಿ ತಗ್ಗಿಸಿ, ಕೋಟಿನ ಅಂಚು ಹಿಡಿದು ನಿಧಾನಕ್ಕೆ ತಿರುಗಿ ನೋಡುತ್ತಾರೆ. ನಿಜವಾದ ಗಂಡಸರಿಗೆ ಯಾರಾದರೂ ಇದನ್ನು ಕಲಿಸಬಾರದಾ ಅನ್ನಿಸುತ್ತದೆ!

ಈಗ ಊರಿನ ವಿಷಯ. ಒಸಾಕಾ-ಉಮೆದಾದಲ್ಲಿ ಕಂದು ಬಣ್ಣದ ಹಾನ್‌ಕ್ಯೂ ರೈಲು ಹತ್ತಿದರೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಸ್ಟೇಷನ್ನಿನಿಂದ ಥಿಯೇಟರ್ ತನಕ ‘ಹೂವಿನ ದಾರಿ’ ಎಂಬ ಮರಗಳ ಸಾಲಿನ ರಸ್ತೆ. ಥಿಯೇಟರಿನ ಪಕ್ಕದಲ್ಲೇ ಮುಕೊ ನದಿ. ಸ್ವಲ್ಪ ಮುಂದೆ ನಡೆದರೆ ಕಾಮಿಕ್ಸ್ ದೊರೆ ಒಸಾಮು ತೆಜುಕಾ ಅವರ ಮ್ಯೂಸಿಯಂ. ಅವರು ಬೆಳೆದದ್ದು ಇದೇ ಊರಿನಲ್ಲಿ, ಈ ನಾಟಕಗಳನ್ನು ನೋಡುತ್ತಲೇ. ರೈಲಿನಿಂದ ಇಳಿದವರಲ್ಲಿ ಮುಕ್ಕಾಲು ಪಾಲು ಒಂದೇ ಕಡೆ ನಡೆಯುತ್ತಿರುತ್ತಾರೆ. ತಾಯಿ, ಮಗಳು, ಅಜ್ಜಿ ಮೂವರೂ ಒಟ್ಟಿಗೆ ಬಂದಿರುತ್ತಾರೆ. ಟೋಕಿಯೋದ ಥಿಯೇಟರ್ ಇರುವುದು ಹಿಬಿಯಾದಲ್ಲಿ, ಇಂಪೀರಿಯಲ್ ಹೋಟೆಲಿನ ಎದುರಿಗೆ. ಮೆಟ್ರೋ ಇಳಿದು ಎರಡು ಹೆಜ್ಜೆ. ಆಫೀಸು ಮುಗಿಸಿ ಓಡಿಹೋಗಲು ಅನುಕೂಲ, ಅಷ್ಟೇ. ಅದೇ ರಸ್ತೆಯಲ್ಲಿ ಗಾಡ್ಜಿಲಾ ಪ್ರತಿಮೆ ಬೇರೆ ಇದೆ. ನಾಟಕ ನೋಡಿ ಕಣ್ಣೊರೆಸಿಕೊಂಡು ಹೊರಗೆ ಬಂದರೆ ಎದುರಿಗೆ ಅದು!

ತಕರಾಜುಕಾದ ದೊಡ್ಡ ಥಿಯೇಟರಿನಲ್ಲಿ ಸುಮಾರು 2,500 ಸೀಟು. ನಾನು ಕೂತದ್ದು ಎರಡನೇ ಮಹಡಿಯ ಹಿಂದಿನ ಬಿ ಸೀಟಿನಲ್ಲಿ. ನಾನು ಹೋದಾಗ ಬೆಲೆ 3,500 ಯೆನ್, ಎಲ್ಲಕ್ಕಿಂತ ಅಗ್ಗದ್ದು. ಒಂದೂವರೆ ಗಂಟೆ ನಾಟಕ, ಅರ್ಧ ಗಂಟೆ ಬಿಡುವು, ಆಮೇಲೆ ಒಂದು ಗಂಟೆಯ ಹತ್ತಿರ ಹಾಡು, ಕುಣಿತದ ರೆವ್ಯೂ. ನಾಟಕದ ಹೊತ್ತಿಗೆ ಮೇಲೆ ಕೂತು ಸ್ವಲ್ಪ ಬೇಜಾರೇ ಆಯಿತು, ಸುಳ್ಳು ಹೇಳುವುದಿಲ್ಲ. ಮುಖ ಕಾಣಲು ಬೈನಾಕ್ಯುಲರ್ ಬೇಕು. ಜಪಾನಿ ಅರ್ಧಂಬರ್ಧ ಬರುವ ನನ್ನಂಥವಳಿಗೆ ಮುಖ ಕಾಣದಿದ್ದರೆ ಮಾತು ಹಿಡಿಯುವುದೂ ಕಷ್ಟ. ಕಥೆ ಮೊದಲೇ ಓದಿಕೊಂಡು ಹೋಗಿದ್ದೆ, ಬಚಾವ್.

ರೆವ್ಯೂ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಡಿಸ್ಕ್‌ನಲ್ಲಿ ಕ್ಯಾಮೆರಾ ಟಾಪ್ ಸ್ಟಾರ್, ಅಂದರೆ ತಂಡದ ಮುಖ್ಯ ಒತೊಕೊಯಾಕುವನ್ನು, ಬಿಟ್ಟು ಅಲ್ಲಾಡುವುದಿಲ್ಲ. ಕಪ್ಪು ಟೇಲ್‌ಕೋಟ್ ಹಾಕಿದ ಒತೊಕೊಯಾಕುಗಳ ಕುಣಿತ ನಾನು ಎಷ್ಟೋ ಸಲ ನೋಡಿದ್ದೇ. ಆದರೆ ಅವರು ತ್ರಿಕೋನವಾಗಿ ನಿಂತು, ಒಡೆದು, ಎರಡು ಸಾಲಾಗಿ ಹೆಣೆದುಕೊಳ್ಳುವುದು ಮೇಲಿನಿಂದ ನೋಡಿದಾಗಲೇ ಗೊತ್ತಾದದ್ದು. ಅಷ್ಟೂ ಜನ ತಿರುಗಿದಾಗ ಬೂಟಿನ ಸದ್ದು ಒಂದೇ ಸಲ ‘ಸರಕ್’ ಅನ್ನುತ್ತದೆ. ಕೊನೆಗೆ ಆ ದೊಡ್ಡ ಮೆಟ್ಟಿಲು. 26 ಮೆಟ್ಟಿಲು, ಒಂದೊಂದರ ಅಗಲ ಬರೀ 23 ಸೆಂಟಿಮೀಟರ್. ಅಂದರೆ ಪಾದ ಪೂರ್ತಿ ಕೂರುವುದೂ ಅನುಮಾನ. ಅದರ ಮೇಲೆ ಹಿಮ್ಮಡಿ ಬೂಟು, ಬೆನ್ನಿಗೆ ಗರಿಗಳ ಭಾರ. ಟಾಪ್ ಸ್ಟಾರ್ ಹೊರುವ ಗರಿ 20 ಕಿಲೋ ಹತ್ತಿರ ಹೋಗುವುದೂ ಉಂಟು. ಇಷ್ಟಾದರೂ ಯಾರೂ ಕಾಲ ಕಡೆ ನೋಡುವುದಿಲ್ಲ. ಹಾಡುತ್ತಾ, ನಗುತ್ತಾ, ನೇರ ನಮ್ಮ ಮಹಡಿ ಕಡೆ ನೋಡುತ್ತಾ ಇಳಿದು ಬರುತ್ತಾರೆ. ಮೆಟ್ಟಿಲ ತುದಿ ನಮ್ಮ ಕಣ್ಣಿನ ಎತ್ತರಕ್ಕೇ ಇದ್ದ ಹಾಗಿತ್ತು. ತೇರು ಎಳೆಯುವಾಗ ಮಹಡಿ ಮೇಲೆ ನಿಂತವರಿಗೆ ಕಳಸ ಕಂಡ ಹಾಗೆ.

ವಸಂತದಲ್ಲಿ ಹೋದರೆ ಊರಿನ ಪ್ರಯೋಗಕ್ಕೆ ಇನ್ನೊಂದು ಲಾಭ ಇದೆ. ಆ ವರ್ಷ ಶಾಲೆ ಮುಗಿಸಿದ 40ರಷ್ಟು ಹುಡುಗಿಯರು ಮೊದಲ ಸಲ ರಂಗ ಹತ್ತುವುದು ಇಲ್ಲೇ. ಕಪ್ಪು ಕಿಮೋನೋ, ಅದರ ಮೇಲೆ ಹಸಿರು ಹಕಾಮಾ (ನೆರಿಗೆಯ ಲಂಗದಂಥದ್ದು) ತೊಟ್ಟು ಸಾಲಾಗಿ ನಿಂತು ನಮಸ್ಕಾರ ಹೇಳುತ್ತಾರೆ. ಆಮೇಲೆ ರೆವ್ಯೂನಲ್ಲಿ ಒಟ್ಟಿಗೆ ಕಾಲೆತ್ತಿ ಕುಣಿಯುವ ಸಾಲೂ ಇವರದ್ದೇ. ನನ್ನ ಪಕ್ಕದಲ್ಲಿದ್ದ ಅಜ್ಜಿ ಅಷ್ಟು ಹೊತ್ತೂ ಕೈ ಮುಗಿದುಕೊಂಡೇ ಕೂತಿದ್ದರು. ಅದೇ ಪ್ರಯೋಗ ಟೋಕಿಯೋಗೆ ಹೋಗುವಾಗ ಈ ಹುಡುಗಿಯರು ಹೋಗುವುದಿಲ್ಲ.

ಹಾಗಂತ ಟೋಕಿಯೋ ಸಪ್ಪೆ ಅಂತಲ್ಲ. ನಟನೆ ಮಾತ್ರ ಲೆಕ್ಕಕ್ಕೆ ತಗೊಂಡರೆ ಟೋಕಿಯೋದ್ದೇ ಮೇಲು. ಊರಿನಲ್ಲಿ ಒಂದು ತಿಂಗಳು ಆಡಿ, ಪಳಗಿ ಬಂದಿರುತ್ತಾರಲ್ಲ. ನಗೆ ಬರುವ ಜಾಗಗಳಲ್ಲಿ ಹೊಸ ಮಾತು ಸೇರಿಕೊಂಡಿತ್ತು, ಸಾಯುವ ದೃಶ್ಯದಲ್ಲಿ ಅವಸರ ಇರಲಿಲ್ಲ. ಅಲ್ಲಿ ಸೀಟು ಸುಮಾರು 2,000, ನನಗೆ ಸಿಕ್ಕಿದ್ದು ಕೆಳಗಡೆ ಮುಂದಿನ ಎಸ್ ಸೀಟು. ವಾದ್ಯದವರ ಮುಂದೆ ಹಾದುಹೋಗುವ ‘ಬೆಳ್ಳಿ ಸೇತುವೆ’ ಅಂತ ಒಂದು ಕಿರಿದಾದ ಹಾದಿ ಇದೆ. ಟಾಪ್ ಸ್ಟಾರ್ ಅದರ ಮೇಲೆ ಬಂದು ನಿಂತರೆ ಕೆನ್ನೆಯ ಮೇಲಿನ ಬೆವರೂ ಕಾಣುತ್ತದೆ. ಜೋಡಿ ಕುಣಿತದಲ್ಲಿ ನಾಯಕಿಯ ಲಂಗ ಒಂದು ಕ್ಷಣ ಸರಿಯಿತು. ನೋಡಿದರೆ ಅವಳು ಮೊಣಕಾಲು ಬಗ್ಗಿಸಿಕೊಂಡೇ ಕುಣಿಯುತ್ತಿದ್ದಾಳೆ, ನಾಯಕ ಎತ್ತರ ಕಾಣಲಿ ಅಂತ! ಮುಖದಲ್ಲಿ ಮಾತ್ರ ಅದೇ ನಗು. ಅಷ್ಟು ಹತ್ತಿರದಿಂದ ನೋಡಿದ ಮೇಲೆ ಹೆಣ್ಣು ಪಾತ್ರದವರ ಬಗ್ಗೆ ನನಗಿದ್ದ ಗೌರವ ದುಪ್ಪಟ್ಟಾಯಿತು. ಆದರೆ ದೊಡ್ಡ ಮೆಟ್ಟಿಲು ಬಂದಾಗ ಮುಂದಿನವರ ತಲೆ, ಗರಿ, ಬೆಳಕು ಎಲ್ಲ ಒಂದರ ಮೇಲೊಂದು. ಚಂದವೇ, ಆದರೆ ಆಕಾರ ಸಿಗಲಿಲ್ಲ.

ಟಿಕೆಟ್ ಸಿಗುವುದೂ ಟೋಕಿಯೋದಲ್ಲಿ ಕಷ್ಟ, ಜನ ಜಾಸ್ತಿ ಸೀಟು ಕಡಿಮೆ. ಜಾಸ್ತಿ ಬೆಲೆಗೆ ಮರುಮಾರಾಟ ಮಾಡುವುದಕ್ಕೆ 2019ರಿಂದ ಜಪಾನಿನಲ್ಲಿ ಕಾನೂನಿನ ಅಡ್ಡಿಯೂ ಇದೆ, ಆ ದಾರಿ ಬೇಡವೇ ಬೇಡ. ಊರಿನಲ್ಲಿ ಸಾಮಾನ್ಯವಾಗಿ ಬುಧವಾರ ಆಟ ಇಲ್ಲ, ಟೋಕಿಯೋದಲ್ಲಿ ಸೋಮವಾರ. ಎರಡೂ ಕಡೆ ಆಟ ನಡೆಯುವಾಗ ಫೋಟೋ ಇಲ್ಲ, ಕೂತ ಜಾಗದಲ್ಲಿ ತಿನ್ನುವ ಹಾಗಿಲ್ಲ, ಮುಂದಕ್ಕೆ ಬಾಗಿ ಕೂರಬಾರದು. ಬಿಡುವಿನಲ್ಲಿ ಹೊರಗೆ ಎಲ್ಲರೂ ಡಬ್ಬಿ ಬಿಚ್ಚುತ್ತಾರೆ. ಸಸ್ಯಾಹಾರಿಗಳು ಉಪ್ಪು ಹಾಕಿದ ಉಮೆ ಎಂಬ ಹುಳಿ ಕಾಯಿ ಇಟ್ಟ ಅನ್ನದ ಉಂಡೆಯನ್ನು ಮೊದಲೇ ತಗೊಂಡು ಹೋಗಿ. ಉಳಿದದ್ದರಲ್ಲಿ ಮೀನಿನ ಸಾರು ಎಲ್ಲಿ ಸೇರಿರುತ್ತದೋ ಹೇಳಲಾಗದು.

ಸಿನಿಮಾ ಮಂದಿರದ ನೇರ ಪ್ರಸಾರಕ್ಕೆ ನಾನು ಮನಸ್ಸಿಲ್ಲದೆ ಹೋದದ್ದು. ಟಿಕೆಟ್ ಬೇರೆ ಥಿಯೇಟರಿನ ಬಿ ಸೀಟಿಗಿಂತ ದುಬಾರಿ. ಮತ್ತೆ ಅದೇ ಕ್ಯಾಮೆರಾ, ಅದೇ ಟಾಪ್ ಸ್ಟಾರ್ ಮುಖ. ಹಿಂದಿನ ಸಾಲಿನಲ್ಲಿ ನನಗೆ ಇಷ್ಟವಾಗಿದ್ದ ಕಿರಿಯ ನಟಿಯನ್ನು ಹುಡುಕುತ್ತಲೇ ಕೂತಿದ್ದೆ, ಒಂದೆರಡು ಸಲ ಮಿಂಚಿದಳು ಅಷ್ಟೇ. ಪ್ರಯೋಗದ ಮಟ್ಟಿಗೆ ಮೂರರಲ್ಲಿ ಇದಕ್ಕೇ ಕೊನೆಯ ಜಾಗ. ಆದರೆ ಕೊನೆಯ ದಿನ ಆಟ ಮುಗಿದ ಮೇಲೂ ಒಂದು ಭಾಗ ಇರುತ್ತದೆ. ಕಂಪನಿ ಬಿಡುವವರು ಒಬ್ಬೊಬ್ಬರೇ, ಮೊದಲ ದಿನ ತೊಟ್ಟ ಅದೇ ಹಸಿರು ಹಕಾಮಾದಲ್ಲಿ, ಆ ಮೆಟ್ಟಿಲು ಇಳಿದು ಬಂದು ಮಾತಾಡಿ ಹೋಗುತ್ತಾರೆ. ಆ ದಿನದ ಥಿಯೇಟರ್ ಟಿಕೆಟ್ ನಮ್ಮಂಥವರಿಗೆ ಸಿಗುವುದು ಕನಸಿನ ಮಾತು. ಕೆಂಪು ಕಣ್ಣು, ನಡುಗುವ ದನಿ, ಮಾತು ತಪ್ಪಿದಾಗ ಹಿಂದೆ ನಿಂತವರು ಅಳುತ್ತಲೇ ನಗುವುದು, ಇದೆಲ್ಲ ಪರದೆ ಮೇಲೆ ದೊಡ್ಡದಾಗಿ ಕಂಡಿತು. ಮಂದಿರದಲ್ಲಿ ಯಾರೂ ಎದ್ದು ಹೋಗಲಿಲ್ಲ. ಆ ಅರ್ಧ ಗಂಟೆಗೆ ಮಾತ್ರ ಕ್ಯಾಮೆರಾನೇ ಸರಿ. ಮುಂದಿನ ಸಲ ನನಗೆ ಇಷ್ಟದ ಯಾರಾದರೂ ಬಿಡುವ ಸುದ್ದಿ ಬಂದರೆ, ಊರಿಗೆ ಹೋಗಿ ಬಿ ಸೀಟಲ್ಲಿ ಒಮ್ಮೆ ನೋಡಿ, ಕೊನೆಯ ದಿನ ಮತ್ತೆ ಸಿನಿಮಾ ಟಿಕೆಟ್ಟಿಗೇ ದುಡ್ಡು ಸುರಿಯುವವಳು ನಾನು.