ಪ್ಲೇಟ್ ಮನೆನಾ ಇಟ್ಟಿಗೆ ಮನೆನಾ: ಎರಡು ಮಳೆಗಾಲ ಕಳೆದ ಮೇಲೆ ಹೇಳ್ತಿದ್ದೀನಿ

ದಾವಣಗೆರೆ ಹತ್ರ ನಮ್ಮ ಹದಡಿ ಕಡೆ ತೋಟದಲ್ಲಿ ಸಿಮೆಂಟ್ ಪ್ಲೇಟ್ ಮನೆ ನಿಲ್ಸಿದಾಗಿಂದ ನೋಡಿದೋರೆಲ್ಲ ಕೇಳೋದು ಒಂದೇ, "ಹೆಂಗೈತೆ ಅಣ್ಣಾ, ನಾವೂ ಹಾಕಿಸ್ಬಹುದಾ?" ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ. ಹೋಲಿಸಿ ನೋಡೋಕೆ ಇನ್ನೊಂದು ಮನೆನೂ ಇದೆ, ಅದೇ ವರ್ಷ ಚಿತ್ರದುರ್ಗದಲ್ಲಿ ತಂಗಿ ಮನೆಯೋರು ಇಟ್ಟಿಗೆಲಿ ಕಟ್ಟಿಸಿದ್ದು, ಅದರ ಉಸ್ತುವಾರಿ ಅರ್ಧ ನನ್ನ ತಲೆ ಮೇಲೇ ಇತ್ತು.

ರೆಡಿಮೇಡ್ ಕಾಂಕ್ರೀಟ್ ಮನೆ ಅಂದ್ರೆ ಎರಡು ಥರ ಇರುತ್ತೆ, ಸೇಲ್ಸ್ ಹುಡುಗರು ಎರಡನ್ನೂ ಕಲಸಿಬಿಡ್ತಾರೆ. ಒಂದು, ಇಡೀ ಗೋಡೆನೇ ಫ್ಯಾಕ್ಟರಿಲಿ ಕಂಬಿ, ವೈರಿಂಗ್ ಪೈಪು ಎಲ್ಲ ಇಟ್ಟು ಎರಕ ಹೊಯ್ದು, ಲಾರಿಲಿ ತಂದು ಕ್ರೇನಲ್ಲಿ ಎತ್ತಿ ನಿಲ್ಸೋದು. ಚೆನ್ನೈನ ಪೆರುಂಬಾಕ್ಕಂನಲ್ಲಿ ಲೈಟ್ ಹೌಸ್ ಪ್ರಾಜೆಕ್ಟ್ ಅಂತ 1152 ಮನೆ ಹಿಂಗೇ ಪ್ರೀಕಾಸ್ಟಲ್ಲಿ, ಅಂದ್ರೆ ಮೊದಲೇ ಎರಕ ಹೊಯ್ದ ಭಾಗ ಜೋಡಿಸಿ, ಕಟ್ಟಿದಾರೆ, 2021ರ ಜನವರಿ 1ಕ್ಕೆ ಶಂಕುಸ್ಥಾಪನೆ, 2022ರ ಮೇನಲ್ಲಿ ಉದ್ಘಾಟನೆ. ಸೇಲ್ಸ್ ಹುಡುಗರು ನನಗೆ ತೋರಿಸಿದ್ದು ಅದರ ವಿಡಿಯೋ. ಒಂದೇ ಅಚ್ಚಲ್ಲಿ ನೂರಾರು ಗೋಡೆ ತೆಗೆದ್ರೆ ಅದು ಗಿಟ್ಟುತ್ತೆ, ನನ್ನ ಆರು ಚದರದ ಮನೆಗೆ ಯಾರು ಅಚ್ಚು ಮಾಡ್ತಾರೆ? ಬಂದಿದ್ದು ಇನ್ನೊಂದು ಥರದ್ದು, ಕಾಂಪೌಂಡಿಗೆ ಹಾಕ್ತಾರಲ್ಲ, ಎರಡೂ ಪಕ್ಕ ಸೀಳಿರೋ ಕಂಬ ನೆಟ್ಟು ಮೇಲಿಂದ ಎರಡಿಂಚಿನ ಪ್ಲೇಟ್ ಒಂದರ ಮೇಲೊಂದು ಇಳಿಸೋದು, ಅದರದ್ದೇ ದೊಡ್ಡಣ್ಣ. ಮೇಲೆ ಶೀಟು.

ಸ್ಪೀಡ್ ಬಗ್ಗೆ ಮಾತ್ರ ಎರಡು ಮಾತಿಲ್ಲ. ಪಾಯ ಮುಗಿದ ಮೇಲೆ ಹನ್ನೊಂದೇ ದಿನಕ್ಕೆ ಗೋಡೆ, ಶೀಟು, ಬಾಗಿಲು ಎಲ್ಲ ನಿಂತ್ವು. ತಂಗಿ ಮನೆ ಒಂಬತ್ತು ತಿಂಗಳು. ಅಲ್ಲಿ ಕ್ಯೂರಿಂಗಿಗೆ ಟ್ಯಾಂಕರ್ ನೀರು ತರಿಸಿದ ಲೆಕ್ಕನೇ ಬೇರೆ, ದುರ್ಗದ ನೀರಿನ ಕಥೆ ಗೊತ್ತಲ್ಲ. ಇಟ್ಟಿಗೆ ನೆನೆಸೋಕೆ ನೀರು, ಗೋಡೆಗೆ ನೀರು, ಪ್ಲಾಸ್ಟರಿಂಗಿಗೆ ನೀರು, ಒಂದು ಲೋಡ್ ಇಟ್ಟಿಗೆ ಬಂದಾಗ ಮೇಸ್ತ್ರಿ ಎರಡು ಕೈಗೆ ತಗೊಂಡು ಒಂದಕ್ಕೊಂದು ತಟ್ಟಿ ನೋಡಿದ್ರು, ಠಣ್ ಅನ್ಲಿಲ್ಲ, ಸೊಂಟದೆತ್ತರದಿಂದ ಬಿಟ್ರೆ ಎರಡು ತುಂಡು, ವಾಪಸ್ ಕಳ್ಸಿದ್ವಿ, ಮತ್ತೆ ಹತ್ತು ದಿನ ಕೆಲಸ ನಿಂತ್ಕಂತು. ಆಗೆಲ್ಲ ನಾನು ಬೀಗ್ತಿದ್ದೆ, ನೋಡ್ರಪ್ಪಾ ನಮ್ಮದು ಆಗ್ಲೇ ಹಾಲುಕ್ಕಿಸಿಯಾಯ್ತು ಅಂತ.

ಈಗ ಪಾಯದ ವಿಚಾರ, ದಾವಣಗೆರೆ ಸುತ್ತ ಎರೆ ಭೂಮಿ ಇರೋರು ಇದನ್ನ ನಿಧಾನ ಓದಿ. ಕಂಪನಿಯೋರು "ಹಗುರ ಮನೆ ಸಾರ್, ಎರಡಡಿ ಗುಂಡಿ ಸಾಕು" ಅಂದ್ರು. ನಮ್ಮಪ್ಪ ನಕ್ಬಿಟ್ರು. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಲಿ ಕೈ ತೂರುವಷ್ಟು ಬಾಯಿ ಬಿಡುತ್ತೆ, ಹಗುರ ಮನೆ ಆದ್ರೆ ಅದನ್ನ ಎತ್ತೋದು ಇನ್ನೂ ಸಲೀಸು. ಕೊನೆಗೆ ಐದಡಿ ತೆಗೆಸಿ, ಎರೆ ಹೊರಗೆ ಹಾಕ್ಸಿ, ಗ್ರಾವೆಲ್ ತುಂಬಿಸಿ, ಕಂಬಕ್ಕೆಲ್ಲ ಸೇರಿಸಿ ಬೀಮ್ ಹಾಕಿಸ್ದೆ. ಇದ್ಯಾವುದೂ ಕೊಟೇಶನ್ನಲ್ಲಿ ಇರ್ಲಿಲ್ಲ. ಚದರಕ್ಕೆ 1.15 ಲಕ್ಷ ಅಂತ ಶುರುವಾಗಿದ್ದು ಕೈ ತೊಳೆಯೋ ಹೊತ್ತಿಗೆ 1.6 ಲಕ್ಷ ದಾಟಿತ್ತು. ತಂಗಿ ಮನೇದು 2.1 ಲಕ್ಷಕ್ಕೆ ಬಂತು, ಅದು ಆರ್‌ಸಿಸಿ ತಾರಸಿ ಸೇರಿ. ಅಲ್ಲಿ ಎರಡೂವರೆ ಅಡಿಗೇ ಬಂಡೆ ಸಿಕ್ತು, ಪಾಯದಲ್ಲಿ ಉಳೀತು. ಅವರಿಗೆ ಲೋನ್ ಸಿಕ್ತು, ಪ್ಲೇಟ್ ಮನೆ ಅಂದಿದ್ದಕ್ಕೆ ನಾನು ಹೋದ ಬ್ಯಾಂಕೋರು ಫೈಲೇ ತೆಗೆದ್ಕೊಳ್ಳಲಿಲ್ಲ.

ಮೊದಲ ಮಳೆಗಾಲ ಚಳಿ ಬಿಡಿಸ್ತು. ಗಾಳಿ ಮಳೆ ಹೊಡೆದ ಒಂದು ರಾತ್ರಿ ಪಡುವಣ ಗೋಡೆ ಒಳಗಡೆ ಅಡ್ಡಡ್ಡ ಗೆರೆ ಗೆರೆಯಾಗಿ ನೀರು, ಪ್ಲೇಟ್ ಎಲ್ಲೆಲ್ಲಿ ಕೂಡ್ತಾವೋ ಅಲ್ಲೆಲ್ಲ. ಪ್ಲೇಟಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ, ಆದ್ರೆ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಸಂದಿಗೆ ಮೆತ್ತಿದ ಸಿಮೆಂಟು ಬಿಟ್ಕೊಂಡಿತ್ತು. ದಾವಣಗೆರೆ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಓದೋ ಅಕ್ಕನ ಮಗ ಬಂದು ನೋಡಿ, "ಮಾವ, ಇದರಲ್ಲಿ ಗೋಡೆ ನೋಡ್ಬಾರ್ದು, ಜಾಯಿಂಟ್ ನೋಡ್ಬೇಕು" ಅಂತ ಲಂಡನ್ನಿನ ರೋನನ್ ಪಾಯಿಂಟ್ ಕಥೆ ಹೇಳ್ದ. 22 ಅಂತಸ್ತಿನ ಪ್ರೀಕಾಸ್ಟ್ ಬಿಲ್ಡಿಂಗು, 1968ರಲ್ಲಿ ಒಂದು ಮನೇಲಿ ಗ್ಯಾಸ್ ಸ್ಫೋಟ ಆಗಿ ಇಡೀ ಒಂದು ಮೂಲೆ ಮೇಲಿಂದ ಕೆಳಗಿನ ತನಕ ಕುಸಿದು ನಾಲ್ಕು ಜನ ಹೋದ್ರಂತೆ, ಗೋಡೆನೂ ಸ್ಲ್ಯಾಬೂ ಕೂಡೋ ಜಾಗ ಸಡಿಲ ಇದ್ದಿದ್ದೇ ಕಾರಣ. ನಮ್ಮದು ಒಂದಂತಸ್ತಿನ ತೋಟದ ಮನೆ ಮಾರಾಯ ಅಂದೆ, ಆದ್ರೂ ಆ ರಾತ್ರಿ ನಿದ್ದೆ ಬರ್ಲಿಲ್ಲ. ಕಂಪನಿಯೋರು ಆರು ಫೋನಿಗೆ ಒಂದ್ಸಲ ಬಂದು ಮತ್ತದೇ ಸಿಮೆಂಟ್ ಮೆತ್ತಿ ಹೋದ್ರು. ಆಮೇಲೆ ನಾನೇ ರಬ್ಬರ್ ಥರ ಎಳೆಯೋ ಪಿಯು ಸೀಲಂಟ್ ತರಿಸಿ ಸಂದಿ ಸಂದಿಗೆ ತುಂಬಿಸ್ದೆ, ಎರಡನೇ ಮಳೆಗಾಲ ಸೋರಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಿಸ್ಬೇಕಂತೆ.

ಸೆಕೆ? ಏಪ್ರಿಲ್ ಮಧ್ಯಾಹ್ನ ಒಳಗಿರೋಕಾಗಲ್ಲ, ಎರಡಿಂಚಿನ ಗೋಡೆ, ಮೇಲೆ ಶೀಟು, ಇನ್ನೇನಾಗುತ್ತೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಬಿಸಿಯಾಗೋ ಹೊತ್ತಿಗೆ ಸಂಜೆ ಆಗಿರುತ್ತೆ.

ಅಮ್ಮಂದು ಬೇರೆ ತಕರಾರು. ದೇವರ ಫೋಟೋಗೆ ಮೊಳೆ ಹೊಡೆಯೋಕೆ ಹೋದ್ರೆ ಮೊಳೆ ಡೊಂಕಾಗುತ್ತೆ, ಡ್ರಿಲ್ ಹಾಕಿದ್ರೆ ಒಳಗಿನ ಕಂಬಿಗೆ ತಾಗುತ್ತೆ. ವೈರಿಂಗ್ ಎಲ್ಲ ಗೋಡೆ ಮೇಲೇ ಪಟ್ಟಿ ಹೊಡೆದು ಎಳೆದಿದ್ದು. ನಮ್ಮ ಜನ ಮನೆನ ಒಂದೇ ಸಲ ಕಟ್ಟಿ ಮುಗಿಸಲ್ಲ ನೋಡ್ರಿ, ಮಗನ ಮದುವೆಗೆ ಒಂದು ರೂಮು, ದುಡ್ಡು ಬಂದ್ರೆ ಮೇಲೊಂದು ಮನೆ, ಯಾರೋ ವಾಸ್ತು ಹೇಳಿದ್ರೆ ಬಾಗಿಲು ಆ ಕಡೆಗೆ. ಇಟ್ಟಿಗೆ ಮನೆ ಕಂಬ, ಬೀಮು ಮುಟ್ಟದೇ ಇದ್ರೆ ಇದಕ್ಕೆಲ್ಲ ಬಗ್ಗುತ್ತೆ. ನಮ್ಮದರ ಮೇಲೆ ನೀರಿನ ಟ್ಯಾಂಕ್ ಇಡೋಕೂ ಬೇಡ ಅಂದ್ರು, ಪಕ್ಕದಲ್ಲಿ ಸ್ಟ್ಯಾಂಡ್ ಮಾಡಿಸ್ದೆ.

ಹಂಗಂತ ತಂಗಿ ಮನೆ ಚಿನ್ನ ಅಂತಲ್ಲ. ಕಂಬಕ್ಕೂ ಇಟ್ಟಿಗೆಗೂ ಮಧ್ಯ ಜಾಲರಿ ಹಾಕದೇ ಪ್ಲಾಸ್ಟರ್ ಮಾಡಿದ್ರು, ಈಗ ನೆಟ್ಟಗೆ ಗೀಟೆಳೆದಂಗೆ ಬಿರುಕು.

ತೋಟದ ಮನೆ, ಕೆಲಸದೋರ ಮನೆ, ಗೋಡೌನು, ಇಂಥದ್ದಕ್ಕೆ ಪ್ಲೇಟ್ ಹಾಕಿಸಿ, ನಾನೇ ಇನ್ನೊಂದು ಸಲ ಹಾಕಿಸ್ತೀನಿ. ಊರೊಳಗೆ 30-40 ಸೈಟಲ್ಲಿ ಬಾಳಿ ಬದುಕೋ ಮನೆಗೆ ಇಟ್ಟಿಗೆನೇ. ಹಾಕಿಸೋದಾದ್ರೆ ಪಾಯ ಎಷ್ಟಡಿ, ಸಂದಿಗೆ ಏನು ತುಂಬ್ತಾರೆ ಅನ್ನೋದನ್ನ ಕೊಟೇಶನ್ನಲ್ಲೇ ಬರೆಸಿ, ಅವರು ಹಾಕಿ ಎರಡು ವರ್ಷ ಆಗಿರೋ ಮನೆ ಒಂದು ತೋರ್ಸೋಕೆ ಹೇಳಿ, ಹೋದಾಗ ಪಡುವಣ ಗೋಡೆ ಒಳಗಿಂದ ನೋಡಿ. ನನ್ನ ಕಡೆಯಿಂದ 5ಕ್ಕೆ 3 ಸ್ಟಾರ್, ಒಂದು ಕಳೆದಿದ್ದು ಸಂದಿಗೆ, ಇನ್ನೊಂದು ಆ ಎರಡಡಿ ಪಾಯದ ಮಾತಿಗೆ.