ಡೆಸ್ಕ್‌ಟಾಪನ್ನೇ ವರ್ಚುವಲ್ ಮಷಿನ್‌ನಲ್ಲಿಟ್ಟು ಬಳಸಿದ ಅನುಭವ: ಗದಗಿನ ಡಿಟಿಪಿ ಕೇಂದ್ರದಿಂದ ಒಂದು ವಿಮರ್ಶೆ

ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಡಿಟಿಪಿ ಕೇಂದ್ರ ನಡೆಸುವವರಿಗೆ ಪೆನ್‌ಡ್ರೈವ್ ನಿತ್ಯದ ಅತಿಥಿ. ಲಗ್ನಪತ್ರಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ, ಜಾತ್ರೆಯ ಭಿತ್ತಿಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದರಲ್ಲಿಯೇ ಬರುತ್ತವೆ, ಜೊತೆಗೆ ವೈರಸ್ಸೂ ಬರುತ್ತದೆ. ನುಡಿ ಮತ್ತು ಕೋರೆಲ್‌ಡ್ರಾದಲ್ಲಿ ಮಾಡಿದ ಹಳೆಯ ಕೆಲಸದಿಂದಾಗಿ ವಿಂಡೋಸ್ ಬಿಡುವಂತಿಲ್ಲ. ಆದ್ದರಿಂದ ಮೂಲ ಯಂತ್ರದಲ್ಲಿ ಡೆಬಿಯನ್ ಲಿನಕ್ಸ್ ಅನ್ನು ಗ್ರಾಫಿಕ್ ಡೆಸ್ಕ್‌ಟಾಪ್ ಇಲ್ಲದೆ ಹಾಕಿ, ವಿಂಡೋಸನ್ನು ಲಿನಕ್ಸ್‌ನ ಕೆವಿಎಂ ಸೌಲಭ್ಯದಿಂದ ರಚಿಸಿದ ಒಂದು ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ) ಇಟ್ಟು, ಗ್ರಾಫಿಕ್ಸ್ ಕಾರ್ಡ್ ಮತ್ತು ಒಂದು ಯುಎಸ್‌ಬಿ ಕಂಟ್ರೋಲರನ್ನು ನೇರವಾಗಿ ಅದಕ್ಕೇ ವಹಿಸಿದ್ದೇನೆ. ಈ ವ್ಯವಸ್ಥೆಯನ್ನು ಕೆಲವು ವರ್ಷಗಳಿಂದ ದಿನನಿತ್ಯ ಬಳಸುತ್ತಿದ್ದೇನೆ.

ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರನ್ನು ಕೇಳದೆಯೇ ಮೆಮೊರಿಯನ್ನು ಓದಬಲ್ಲದು, ಬರೆಯಬಲ್ಲದು. ಆ ಕೈ ವರ್ಚುವಲ್ ಮಷಿನ್‌ಗೆ ಕೊಟ್ಟ ಮೆಮೊರಿಯನ್ನು ದಾಟದಂತೆ ತಡೆಯುವುದು ಐಒಎಂಎಂಯು ಎಂಬ ಯಂತ್ರಾಂಶ ಭಾಗ; ಇಂಟೆಲ್ ಇದನ್ನು ವಿಟಿ-ಡಿ ಎನ್ನುತ್ತದೆ. ಹೀಗೆ ಕಾರ್ಡನ್ನು ವರ್ಚುವಲ್ ಮಷಿನ್‌ಗೆ ವಹಿಸಲು ಬೇಕಾದ ವಿಎಫ್‌ಐಒ ಎಂಬ ಭಾಗ 2012ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇದೆ. ಎನ್ವಿಡಿಯಾದ ಜಿಫೋರ್ಸ್ ಗ್ರಾಫಿಕ್ಸ್ ಕಾರ್ಡುಗಳ ವಿಂಡೋಸ್ ಡ್ರೈವರ್ ಮೊದಲು ವರ್ಚುವಲ್ ಮಷಿನ್ ಕಂಡೊಡನೆ ‘ಕೋಡ್ 43’ ಎಂಬ ದೋಷ ತೋರಿಸಿ ನಿಲ್ಲುತ್ತಿತ್ತು. 2021ರಲ್ಲಿ ಎನ್ವಿಡಿಯಾ ಆ ತಡೆಯನ್ನು ತೆಗೆಯಿತು.

ವೇಗಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಬಣ್ಣ. ಸಾಮಾನ್ಯ ವರ್ಚುವಲ್ ಪರದೆಯಲ್ಲಿ ಮಾನಿಟರ್ ಕ್ಯಾಲಿಬ್ರೇಷನ್ (ಪರದೆಯ ಬಣ್ಣವನ್ನು ಅಳೆದು ಸರಿಹೊಂದಿಸುವುದು) ಕೈಗೂಡುವುದಿಲ್ಲ. ನಿಜವಾದ ಕಾರ್ಡ್ ಕೈಯಲ್ಲಿರುವುದರಿಂದ ಇಲ್ಲಿ ಅದು ನೇರವಾಗಿ ಜಾರಿಯಾಗುತ್ತದೆ, ಮತ್ತು ಆಫ್‌ಸೆಟ್‌ಗೆ ಕಳಿಸುವ ಮೊದಲು ಪರದೆಯನ್ನು ನಂಬಬಹುದು. ಗ್ರಾಹಕರ ಮೂಲ ಕಡತಗಳು ಲಿನಕ್ಸ್ ಕಡೆಯಲ್ಲಿದ್ದು, ವಿಂಡೋಸ್‌ಗೆ ಓದಲು ಮಾತ್ರ ಅನುಮತಿಯಿದೆ. ಮುಗಿದ ಕೆಲಸ ಬೇರೆ ಫೋಲ್ಡರ್‌ಗೆ ಬಂದು ಬೀಳುತ್ತದೆ. ಸೋಂಕಿನ ಸಂದೇಹ ಬಂದರೆ ವಿಂಡೋಸ್ ಮುಚ್ಚಿದ್ದಾಗ ತೆಗೆದಿಟ್ಟ ಹಿಂದಿನ ಸ್ನ್ಯಾಪ್‌ಶಾಟ್‌ಗೆ (ಅದರ ಡಿಸ್ಕ್‌ನ ಆಗಿನ ಸ್ಥಿತಿಗೆ) ಮರಳುತ್ತೇನೆ, ಮೂಲ ಕಡತಗಳಿಗೆ ಏನೂ ಆಗುವುದಿಲ್ಲ.

ತೊಡಕುಗಳೂ ಸಣ್ಣವಲ್ಲ. ಕಾರ್ಡ್ ಒಪ್ಪಿಸಿದ ಮೇಲೆ ವರ್ಚುವಲ್ ಮಷಿನ್‌ನ ಇಡೀ ಮೆಮೊರಿ ಅದಕ್ಕೇ ಮೀಸಲಾಗುತ್ತದೆ, ಬೇಡವಾದಾಗ ಹಿಂಪಡೆಯಲಾಗದು. 32 ಜಿಬಿಗಿಂತ ಕಡಿಮೆಯಿರುವ ಯಂತ್ರದಲ್ಲಿ ಇದನ್ನು ನಾನು ಸಲಹೆ ಮಾಡಲಾರೆ. ನಡೆಯುತ್ತಿರುವ ಸ್ಥಿತಿಯನ್ನು ಹಾಗೆಯೇ ಉಳಿಸಿಡಲು ಆಗದ ಕಾರಣ, ಕರೆಂಟ್ ಹೋದಾಗ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡುವಷ್ಟು ಹೊತ್ತು ಯುಪಿಎಸ್ ತಾಳಬೇಕು. ಕೆಲವು ಕಾರ್ಡುಗಳು ವರ್ಚುವಲ್ ಮಷಿನ್ ಮುಚ್ಚಿದ ಮೇಲೆ ಸರಿಯಾಗಿ ರೀಸೆಟ್ ಆಗುವುದಿಲ್ಲ, ಆಗ ಇಡೀ ಯಂತ್ರವನ್ನೇ ಮರುಚಾಲನೆ ಮಾಡಬೇಕಾಗುತ್ತದೆ.

ರಕ್ಷಣೆಯ ಎಲ್ಲೆಯನ್ನೂ ತಿಳಿದಿರಬೇಕು. ಕಾಪಾಡಲ್ಪಡುವುದು ಲಿನಕ್ಸ್ ಕಡೆ. ಡೆಸ್ಕ್‌ಟಾಪ್ ಒಳಗೆ ನಡೆಯುವುದೆಲ್ಲ ಅಲ್ಲಿ ಸೇರಿಕೊಂಡ ವೈರಸ್‌ಗೆ ಕಾಣುತ್ತದೆ, ಒತ್ತಿದ ಕೀಲಿಗಳೂ ಸೇರಿ. ಅದೇ ಡೆಸ್ಕ್‌ಟಾಪ್‌ನ ಕಿಟಕಿಯಲ್ಲಿ ಮತ್ತೊಂದು ವರ್ಚುವಲ್ ಮಷಿನ್ ತೆರೆದು ಬ್ಯಾಂಕ್ ವ್ಯವಹಾರ ಮಾಡಿದರೂ ಅಪಾಯ ಅಷ್ಟೇ. ಅದಕ್ಕಾಗಿ ವಿಂಡೋಸ್ ಮುಚ್ಚಿ, ಅದೇ ಕಾರ್ಡನ್ನು ಬೇರೊಂದು ವರ್ಚುವಲ್ ಮಷಿನ್‌ಗೆ ಕೊಟ್ಟು ಜಿಎಸ್‌ಟಿ ಮತ್ತು ಬ್ಯಾಂಕಿನ ಕೆಲಸ ಮುಗಿಸುತ್ತೇನೆ. ಪ್ರಶ್ನೆಪತ್ರಿಕೆಗೂ ಪೆನ್‌ಡ್ರೈವ್ ಸೋಕದ ಪ್ರತ್ಯೇಕ ಮಷಿನ್ ಇದೆ.

ಇದನ್ನು ಮಾಡಬಯಸುವವರು ಕಾರ್ಡಿಗಿಂತ ಮೊದಲು ಮದರ್‌ಬೋರ್ಡ್ ನೋಡಬೇಕು. ಕಾರ್ಡ್ ಇರುವ ಐಒಎಂಎಂಯು ಗುಂಪಿನಲ್ಲಿ (ಐಒಎಂಎಂಯು ಒಂದರಿಂದೊಂದನ್ನು ಬೇರ್ಪಡಿಸಲಾಗದ ಸಾಧನಗಳ ಗುಂಪಿನಲ್ಲಿ) ಡಿಸ್ಕ್ ಅಥವಾ ನೆಟ್‌ವರ್ಕ್ ಕಂಟ್ರೋಲರ್ ಕೂಡ ಸೇರಿದ್ದರೆ ಅವನ್ನೂ ಒಟ್ಟಿಗೇ ಬಿಟ್ಟುಕೊಡಬೇಕಾಗುತ್ತದೆ. ಗುಂಪನ್ನು ಒಡೆಯುವ ಎಸಿಎಸ್ ಪ್ಯಾಚ್ ಎಂಬ ಕರ್ನಲ್ ತಿದ್ದುಪಡಿ ಇದೆ, ಆದರೆ ಅದು ಪ್ರತ್ಯೇಕತೆಯ ಖಾತ್ರಿಯನ್ನೇ ಸಡಿಲಿಸುತ್ತದೆ; ಪ್ರತ್ಯೇಕತೆಗಾಗಿಯೇ ಇಷ್ಟು ಶ್ರಮಪಡುವವರು ಅದನ್ನು ಬಳಸದೆ ಬೇರೆ ಬೋರ್ಡ್ ಕೊಳ್ಳುವುದು ಲೇಸು.